"ಮೊದಲ ವಾರ ಏನೂ ಆಗಲ್ಲ ಮೇಡಂ"

ನಾನು ವ್ಯಸನ ಚಿಕಿತ್ಸಾ ಕೇಂದ್ರವೊಂದರಲ್ಲಿ ಆಪ್ತಸಲಹೆಗಾರ್ತಿ. ಇದು ನನ್ನ ಹತ್ತಿರ ಬಂದ ನರ್ಸ್ ಒಬ್ಬರ ಕಥೆ. ಹೆಸರು ಬದಲಿಸಿದ್ದೇನೆ, ಊರು ಹೇಳುವುದಿಲ್ಲ, ಮನೆಯ ವಿವರಗಳನ್ನೂ ಅಲ್ಲಲ್ಲಿ ಬೇರೆ ಮಾಡಿದ್ದೇನೆ. ಬರೆಯಲು ಒಪ್ಪಿಗೆ ಕೊಟ್ಟವರು ಅವರೇ. "ನರ್ಸ್‌ಗಳು ಓದ್ತಾರೆ ಅನ್ನೋದಾದ್ರೆ ಬರೀರಿ ಮೇಡಂ. ನಮ್ಮೆಜಮಾನ್ರ ಕೆಲಸ ಮಾತ್ರ ಬದಲಿಸಿ" ಅಂದರು. ಬದಲಿಸುವ ಗೋಜಿಗೇ ಹೋಗಿಲ್ಲ, ಯಜಮಾನರ ಕೆಲಸದ ಸುದ್ದಿಯನ್ನೇ ಎತ್ತುವುದಿಲ್ಲ.

ಅವರನ್ನು ಸುಜಾತಾ ಅನ್ನೋಣ. ವಯಸ್ಸು ಮೂವತ್ತರ ಆಚೆಈಚೆ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಓದಿ, ಹತ್ತು ವರ್ಷ ಖಾಸಗಿ ಆಸ್ಪತ್ರೆಗಳ ಐಸಿಯುನಲ್ಲಿ ದುಡಿದವರು. ಎರಡನೇ ಹೆರಿಗೆ ಆದ ಮೇಲೆ ಸೊಂಟನೋವು ಹಿಡಿಯಿತು. ನೈಟ್ ಡ್ಯೂಟಿಯಲ್ಲಿ ದಪ್ಪ ರೋಗಿಯೊಬ್ಬರನ್ನು ಮಗ್ಗುಲು ತಿರುಗಿಸುವಾಗ ನೋವು ತಡೆಯಲಾಗದೆ, ಜೊತೆಯವಳ ಕೈಯಿಂದ ನೋವಿಗೆ ಕೊಡುವ ಒಂದು ಟ್ರಮಡಾಲ್ ಇಂಜೆಕ್ಷನ್ ಹಾಕಿಸಿಕೊಂಡರು. ಆಮೇಲೆ ತಾವೇ ಹಾಕಿಕೊಂಡರು. ಆಮೇಲೆ ಫೋರ್ಟ್‌ವಿನ್. ಮೊದಲ ಸೂಜಿಯಿಂದ ಸಿಕ್ಕಿಬೀಳುವವರೆಗೆ ಹದಿನಾಲ್ಕೇ ತಿಂಗಳು. ಫೋರ್ಟ್‌ವಿನ್ ಅಂದರೆ ಪೆಂಟಜೋಸಿನ್, ನೋವು ಇಳಿಸುವ, ಚಟ ಹಿಡಿಸುವ ಔಷಧಿ. ಪದೇಪದೇ ಚುಚ್ಚಿಕೊಂಡರೆ ಆ ಜಾಗದ ಚರ್ಮ, ಮಾಂಸ ಎರಡೂ ಹಲಗೆಯ ಹಾಗೆ ಗಟ್ಟಿಯಾಗುತ್ತವೆ, ಹುಣ್ಣಾಗುತ್ತದೆ. ಇವರು ಏಪ್ರಿಲ್ ಬಿಸಿಲಿನಲ್ಲೂ ಡ್ಯೂಟಿಗೆ ತುಂಬುತೋಳಿನ ಸ್ವೆಟರ್ ಹಾಕಿಕೊಂಡು ಹೋಗುತ್ತಿದ್ದರು. ಐಸಿಯು ಎಸಿಯಲ್ಲಿ ಸ್ವೆಟರ್ ಯಾಕೆ ಅಂತ ಯಾರೂ ಕೇಳುವುದಿಲ್ಲ ನೋಡಿ.

ಈ ಕೆಲಸದಲ್ಲಿ ನಾನು ನೋಡಿದ ನಾಲ್ಕನೇ ನರ್ಸ್ ಇವರು. ನಾಲ್ವರಿಗೂ ನೋವಿತ್ತು, ನಿದ್ದೆ ಇರಲಿಲ್ಲ, ಆಂಪ್ಯೂಲ್, ಅಂದರೆ ಇಂಜೆಕ್ಷನ್ ಔಷಧಿಯ ಗಾಜಿನ ಸೀಸೆ, ಕೈಗೆಟಕುವಷ್ಟು ಹತ್ತಿರವಿತ್ತು. ಚಿಕಿತ್ಸೆ ಮುಗಿಯುತ್ತಿದ್ದ ಹಾಗೆ ನಾಲ್ವರೂ ಕೇಳಿದ್ದು ಒಂದೇ ಪ್ರಶ್ನೆ. ಎಲ್ಲ ಸರಿ, ಇನ್ನು ನನಗೆ ಕೆಲಸ ಯಾರು ಕೊಡ್ತಾರೆ?

ಸಿಕ್ಕಿಬಿದ್ದ ಕಥೆ ಸಣ್ಣದು. ಇಂಥ ಔಷಧಿಗಳನ್ನು ಎರಡು ಬೀಗದ ಬೀರುವಿನಲ್ಲಿ ಇಟ್ಟಿರುತ್ತಾರೆ. ಒಂದು ರಿಜಿಸ್ಟರ್ ಇರುತ್ತದೆ. ತೆಗೆದಾಗ ಇಬ್ಬರು ಸಹಿ ಹಾಕಬೇಕು, ಒಡೆದ ಖಾಲಿ ಆಂಪ್ಯೂಲನ್ನು ಲೆಕ್ಕಕ್ಕೆ ವಾಪಸ್ ಕೊಡಬೇಕು. ರಾತ್ರಿ ಮೂರು ಗಂಟೆಯಲ್ಲಿ ಎರಡನೇ ಸಹಿ ಹೇಗೆ ಬೀಳುತ್ತದೆ ಅಂತ ಐಸಿಯುನಲ್ಲಿ ದುಡಿದವರನ್ನು ಕೇಳಿ, ಹೇಳುತ್ತಾರೆ. ಒಂದು ದಿನ ಲೆಕ್ಕ ತಾಳೆಯಾಗಲಿಲ್ಲ. ನರ್ಸ್‌ಗಳ ಮುಖ್ಯಸ್ಥೆಯಾದ ಮೇಟ್ರನ್ ಕರೆದು ಬಾಗಿಲು ಹಾಕಿದರು. "ಪೊಲೀಸು ಗಿಲೀಸು ಬೇಡ, ಇಬ್ಬರು ಮಕ್ಕಳಿದ್ದಾರೆ ನಿನಗೆ. ಇವತ್ತೇ ರಾಜೀನಾಮೆ ಬರೆದುಕೊಡು" ಅಂದರು. ಅನುಭವ ಪತ್ರವನ್ನೂ ಕೊಟ್ಟರು. ನಡತೆ ಉತ್ತಮ ಅಂತ ಬರೆದಿತ್ತು.

ಆ ಮೇಟ್ರನ್ ಕೆಟ್ಟವರಲ್ಲ. ಮರ್ಯಾದೆ ಉಳಿಸಿದೆ ಅಂತಲೇ ಅಂದುಕೊಂಡಿರಬೇಕು. ಆದರೆ ಆ ಪತ್ರ ಹಿಡಿದು ಸುಜಾತಾ ಇಪ್ಪತ್ತೇ ದಿನದಲ್ಲಿ ಇನ್ನೊಂದು ಆಸ್ಪತ್ರೆಯ ಐಸಿಯು ಸೇರಿದರು. ಅಲ್ಲೂ ಬೀರು, ಅಲ್ಲೂ ಕೀ. ಏಳು ತಿಂಗಳಿಗೆ ಅಲ್ಲೂ ರಾಜೀನಾಮೆ. ಈ ಸಲ ಅನುಭವ ಪತ್ರ ಸಿಗಲಿಲ್ಲ, ಒರಿಜಿನಲ್ ಸರ್ಟಿಫಿಕೇಟುಗಳನ್ನು ಬಿಡಿಸಿಕೊಳ್ಳಲಿಕ್ಕೇ ಎರಡು ತಿಂಗಳು ಅಲೆದರು.

ಚಿಕಿತ್ಸೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂರು ವಾರ ಒಳರೋಗಿಯಾಗಿದ್ದರು. ಆಮೇಲೆ ದಿನಕ್ಕೊಂದು ನಾಲ್ಟ್ರೆಕ್ಸೋನ್ ಮಾತ್ರೆ. ಅದು ದೇಹದಲ್ಲಿ ಇರುವಷ್ಟು ಹೊತ್ತು ಫೋರ್ಟ್‌ವಿನ್ ಚುಚ್ಚಿಕೊಂಡರೂ ಅಮಲು ಏರುವುದಿಲ್ಲ. ಮಾತ್ರೆಯನ್ನು ಮನೆಯವರ ಎದುರೇ ನುಂಗಬೇಕು ಅನ್ನುವುದು ಡಾಕ್ಟರ ಕಟ್ಟಪ್ಪಣೆ. ಅತ್ತೆ ಬೆಳಿಗ್ಗೆ ಮಾತ್ರೆ ಕೊಟ್ಟು, ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿ, ಆಮೇಲೆ ಕಾಫಿ ಕೊಡುತ್ತಾರೆ. "ಸೈಕಿಯಾಟ್ರಿ ಪೋಸ್ಟಿಂಗಲ್ಲಿ ನಾನೂ ಹೀಗೇ ರೋಗಿಗಳ ನಾಲಿಗೆ ಎತ್ತಿಸಿ ನೋಡ್ತಿದ್ದೆ ಮೇಡಂ" ಅಂದಿದ್ದರು ಒಮ್ಮೆ. ನಗುತ್ತಲೇ ಹೇಳಿದರು.

ಒಂಬತ್ತು ತಿಂಗಳು ಮುಟ್ಟಲಿಲ್ಲ. ಆ ಒಂಬತ್ತು ತಿಂಗಳಲ್ಲಿ ಹನ್ನೊಂದು ಇಂಟರ್‌ವ್ಯೂ. ಎಲ್ಲ ಕಡೆ "ಈ ಗ್ಯಾಪ್ ಯಾಕೆ?" ಅಂತ ಕೇಳುತ್ತಾರೆ. ಮಗುವಿಗೆ ಹುಷಾರಿರಲಿಲ್ಲ ಅಂತ ಇವರು ಹೇಳುತ್ತಾರೆ. ಸಂಜೆಗೆ ಹಳೇ ಆಸ್ಪತ್ರೆಗೊಂದು ಫೋನ್ ಹೋಗಿರುತ್ತದೆ. ಆಮೇಲೆ ಯಾರೂ ಕರೆಯುವುದಿಲ್ಲ. ನರ್ಸಿಂಗ್ ಸಣ್ಣ ಪ್ರಪಂಚ, ಮೇಟ್ರನ್‌ಗಳೆಲ್ಲ ಒಬ್ಬರಿಗೊಬ್ಬರು ಗೊತ್ತು.

ಈಗ ಆ ದಿನಕ್ಕೆ ಬರುತ್ತೇನೆ.

ಮಧ್ಯಾಹ್ನ ಊಟದ ನಂತರದ ಹೊತ್ತು. ಪ್ಲಾಸ್ಟಿಕ್ ಫೈಲ್ ಹಿಡಿದು ಬಂದರು. ಮಾರ್ಕ್ಸ್ ಕಾರ್ಡು, ನರ್ಸಿಂಗ್ ಕೌನ್ಸಿಲ್ ನೋಂದಣಿ, ಹಳೇ ಅನುಭವ ಪತ್ರ. "ನಾಡಿದ್ದು ಇಂಟರ್‌ವ್ಯೂ ಇದೆ. ದೂರದ ಊರು. ಅಲ್ಲಿ ನನ್ನ ಯಾರಿಗೂ ಗೊತ್ತಿಲ್ಲ. ಐಸಿಯು. ನಾನೇನೂ ಹೇಳಲ್ಲ ಮೇಡಂ, ಸುಮ್ನೆ ಸೇರ್ಕೊಳ್ತೀನಿ."

"ಓಪಿಡಿ ಕೇಳಬಹುದಲ್ವಾ?" ಅಂದೆ.

"ಟೋಕನ್ ಕೂಗೋಕಾ? ಹತ್ತು ವರ್ಷ ವೆಂಟಿಲೇಟರ್ ನೋಡಿದೋಳು ನಾನು." ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೈಟ್ ಇನ್‌ಚಾರ್ಜ್ ಆದಾಗ ಕೀ ನನ್ ಹತ್ರಾನೇ ಇರ್ತಿತ್ತು ಮೇಡಂ. ಜೇಬಲ್ಲಿ. ನಡೆದ್ರೆ ಸದ್ದಾಗ್ತಿತ್ತು. ಡಾಕ್ಟ್ರಾದ್ರೂ ಬಂದು ನನ್ನೇ ಕೇಳ್ಬೇಕಿತ್ತು." ಹೇಳುತ್ತಾ ಬಲಗೈ ಸೊಂಟದ ಪಕ್ಕಕ್ಕೆ ಹೋಯಿತು. ಸೀರೆ ಉಟ್ಟಿದ್ದರು. ಜೇಬು ಎಲ್ಲಿಂದ ಬರಬೇಕು?

ನಾನು ಕೇಳಿದೆ. "ನಾಡಿದ್ದು ಆ ಕೀ ಕೈಗೆ ಬಂತು ಅಂದ್ಕೊಳ್ಳಿ. ಏನಾಗುತ್ತೆ?"

ಹೊರಗೆ ಯಾರೋ ಬೈಕಿಗೆ ಕಿಕ್ ಹೊಡೆಯುತ್ತಿದ್ದರು. ಹತ್ತುತ್ತಿರಲಿಲ್ಲ. ನಾಲ್ಕೈದು ಸಲ ಹೊಡೆದು ತಳ್ಳಿಕೊಂಡು ಹೋದರು.

"ಮೊದಲ ವಾರ ಏನೂ ಆಗಲ್ಲ ಮೇಡಂ."

ಎರಡನೇ ವಾರದ ಬಗ್ಗೆ ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಅವರೇ ಮುಂದುವರಿಸಿದರು. "ಒಂದ್ಸಲ ಅರ್ಧ ಕೊಟ್ಟಿದ್ದೆ. ಹೊಟ್ಟೆ ಆಪರೇಷನ್ ಆದ ಅಜ್ಜಿ. ಅರ್ಧ ಅವ್ರಿಗೆ, ಅರ್ಧ ನಂಗೆ. ಚಾರ್ಟಲ್ಲಿ ಪೂರ್ತಿ ಬರ್ದೆ. ಬೆಳಗಿನ ತನಕ ಆ ಅಜ್ಜಿ, ಸಿಸ್ಟರ್ ನೋವು ಇಳೀತಿಲ್ಲ ಅಂತಾನೇ ಇದ್ರು."

ನನಗೆ ಸಿಟ್ಟು ಬಂತು. ಆಪ್ತಸಲಹೆಗಾರರಿಗೆ ಸಿಟ್ಟು ಬರಬಾರದು ಅಂತ ಓದಿಕೊಂಡೇ ಬಂದಿದ್ದೇವೆ, ಆದರೂ ಬಂತು. ಅದಕ್ಕೂ ಎರಡು ವರ್ಷ ಮುಂಚೆ ನಮ್ಮಮ್ಮ ಸೊಂಟದ ಮೂಳೆ ಮುರಿದು ಐಸಿಯುನಲ್ಲಿ ಮಲಗಿದ್ದರು. ನೀರು ಕುಡಿದೆ. ಅವರಿಗೂ ಒಂದು ಲೋಟ ಕೊಟ್ಟೆ. "ಪರವಾಗಿಲ್ಲ, ಆಗಿದ್ದು ಆಯ್ತು" ಅನ್ನಲಿಲ್ಲ. ಅದು ಪರವಾಗಿಲ್ಲ ಅನ್ನುವ ವಿಷಯವೇ ಅಲ್ಲ, ಅದು ನನಗಿಂತ ಚೆನ್ನಾಗಿ ಅವರಿಗೇ ಗೊತ್ತು.

ಅವತ್ತು ನಾನು ಕೊಟ್ಟ ಸಲಹೆ ಹೀಗಿತ್ತು. ಒಂದು ವರ್ಷ ಕೀ ಇರುವ ಕೆಲಸ ಬೇಡ. ಐಸಿಯು, ಆಪರೇಷನ್ ಥಿಯೇಟರ್, ಎಮರ್ಜೆನ್ಸಿ, ಮೂರೂ ಬೇಡ. ಒಬ್ಬರೇ ಹೋಗಿ ರೋಗಿ ನೋಡಿಕೊಳ್ಳುವ ಹೋಂ ನರ್ಸಿಂಗ್ ಅಂತೂ ಬೇಡವೇ ಬೇಡ. ನೈಟ್ ಡ್ಯೂಟಿ ಬೇಡ. ಡಯಾಲಿಸಿಸ್, ಲಸಿಕೆ ವಿಭಾಗ, ರಕ್ತನಿಧಿ, ಸಕ್ಕರೆ ಕಾಯಿಲೆ ಕ್ಲಿನಿಕ್, ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್, ಇನ್ಶೂರೆನ್ಸ್ ಕ್ಲೇಮ್ ನೋಡುವ ಆಫೀಸು, ಇವುಗಳಲ್ಲಿ ಹುಡುಕಿ. ಇನ್ನೊಂದು, ಸೇರುವ ಮುಂಚೆ ಒಬ್ಬರಿಗೆ ಹೇಳಿ. ಎಚ್‌ಆರ್‌ಗೆ ಬೇಡ, ಅರ್ಜಿಯಲ್ಲೂ ಬರೆಯಬೇಡಿ. ಅಲ್ಲಿ ಆರೋಗ್ಯದ ಸಮಸ್ಯೆ ಇತ್ತು, ಚಿಕಿತ್ಸೆ ಆಗಿದೆ ಅಂದರೆ ಸಾಕು, ಅದು ಸುಳ್ಳೂ ಅಲ್ಲ. ಮಗುವಿನ ತಲೆ ಮೇಲೆ ಹಾಕುವುದು ನಿಲ್ಲಿಸಿ. ಕೆಲಸ ಕೊಡುವುದು ಖಚಿತ ಅನ್ನಿಸಿದಾಗ ಮೇಟ್ರನ್ ಜೊತೆ ಹತ್ತು ನಿಮಿಷ ಕೇಳಿಕೊಂಡು ಒಳಗೆ ಹೋಗಿ ಹೇಳಿ. ಕೈಯಲ್ಲಿ ಮನೋವೈದ್ಯರ ಒಂದು ಪುಟದ ಪತ್ರ ಇರಲಿ. ಯಾವಾಗಿಂದ ಚಿಕಿತ್ಸೆ, ಎಷ್ಟು ತಿಂಗಳಿಂದ ಸರಿಯಾಗಿದ್ದಾರೆ, ಯಾವ ಷರತ್ತಿನ ಮೇಲೆ ಕೆಲಸಕ್ಕೆ ಯೋಗ್ಯರು, ಇಷ್ಟೇ. ಷರತ್ತುಗಳನ್ನು ಅವರು ಹಾಕುವ ಮುಂಚೆ ನೀವೇ ಹೇಳಿ.

ಮೂತ್ರ ಪರೀಕ್ಷೆಯ ರಿಪೋರ್ಟೂ ಲಗತ್ತಿಸೋಣ ಅಂದೆ. ಆಗ ಸುಜಾತಾ ಸಣ್ಣಗೆ ನಕ್ಕರು. "ಮಾಮೂಲಿ ಕಿಟ್‌ನಲ್ಲಿ ಫೋರ್ಟ್‌ವಿನ್ ಬರಲ್ಲ ಮೇಡಂ. ಟ್ರಮಡಾಲೂ ಬರಲ್ಲ. ಬೇರೆ ಟೆಸ್ಟೇ ಬರೆಸ್ಬೇಕು." ಹೌದು. ಮಾಮೂಲಿ ಓಪಿಯೇಟ್ ಕಿಟ್ ಹಿಡಿಯುವುದು ಮಾರ್ಫಿನ್ ಜಾತಿಯದನ್ನು. ನನಗೆ ಅದು ಗೊತ್ತಿತ್ತು. ಅವರು ಬಾಯಿ ಬಿಡದಿದ್ದರೆ ಮಾತ್ರ ನಾನು ಅವತ್ತು ಅದನ್ನು ನೆನಪಿಸಿಕೊಳ್ಳುತ್ತಿದ್ದೆನೋ ಇಲ್ಲವೋ. ಒಂಬತ್ತು ತಿಂಗಳಲ್ಲಿ ಅವರ ಮೇಲೆ ನನಗೆ ಪೂರ್ತಿ ನಂಬಿಕೆ ಬಂದ ಕ್ಷಣ ಅದು.

ನನ್ನ ಸಲಹೆಗೆ ನಮ್ಮ ಕೇಂದ್ರದಲ್ಲೇ ಆಕ್ಷೇಪ ಬಂತು. "ಕುಡಿತ ಬಿಟ್ಟ ಬ್ಯಾಂಕ್ ಗುಮಾಸ್ತನಿಗೆ ಮ್ಯಾನೇಜರ್ ಹತ್ತಿರ ಹೋಗಿ ಹೇಳು ಅಂತೀಯಾ? ಇಲ್ಲ ತಾನೇ? ನರ್ಸ್‌ಗೆ ಯಾಕೆ ಈ ಶಿಕ್ಷೆ?" ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ಗುಟ್ಟನ್ನು ಕಾಯುತ್ತದೆ, ವ್ಯಸನವೂ ಅದರ ವ್ಯಾಪ್ತಿಯಲ್ಲೇ ಬರುತ್ತದೆ. ನಾನು ಯಾರಿಗೂ ಹೇಳುವ ಹಾಗಿಲ್ಲ, ಹೇಳಿಯೂ ಇಲ್ಲ. ಇನ್ನೊಬ್ಬರಿಗೆ ಹಾನಿ ಆಗುವ ಸಂದರ್ಭಕ್ಕೆ ಮಾತ್ರ ಕಾಯ್ದೆಯಲ್ಲೇ ಒಂದು ವಿನಾಯಿತಿ ಇದೆ. ಅದನ್ನು ಮೊದಲ ದಿನವೇ ಸುಜಾತಾಗೆ ತಿಳಿಸಿದ್ದೆ. ಆದರೂ ಗುಮಾಸ್ತನ ಮೇಜಿನ ಖಾನೆಯಲ್ಲಿ ಬಾಟಲಿ ಇರುವುದಿಲ್ಲ, ಅಲ್ವಾ? ನರ್ಸ್‌ಗೆ ಕೆಲಸದ ಜಾಗವೇ ಮದ್ದಿನ ಜಾಗ. ಹೇಳದೆ ಸೇರಿದರೆ ಮೊದಲ ನೈಟ್‌ಗೇ ಕೀ ಕೈಗೆ ಬರುತ್ತದೆ. ಬೇಡ ಅನ್ನಲು ಕಾರಣ ಕೊಡಬೇಕು, ಕಾರಣ ಕೊಡಲಾಗದೆ ತೆಗೆದುಕೊಳ್ಳುತ್ತಾರೆ. ನಾನು ಹೇಳಿ ಅಂದದ್ದು ಆಸ್ಪತ್ರೆಯ ಅನುಕೂಲಕ್ಕಲ್ಲ. ಕೀ ಬೇಡ ಅನ್ನುವ ದಾರಿ ಅವರಿಗೆ ತೆರೆದಿರಲಿ ಅಂತ. ಆ ಅಜ್ಜಿಗಾಗಿಯೂ ಹೌದು, ಮುಚ್ಚಿಡುವುದಿಲ್ಲ.

ಅಮೆರಿಕದಲ್ಲಿ ಫ್ಲಾರಿಡಾ, ಟೆಕ್ಸಾಸ್ ಸೇರಿದಂತೆ ಅನೇಕ ರಾಜ್ಯಗಳಲ್ಲಿ ಇಂಥ ನರ್ಸ್‌ಗಳಿಗೆ ಪ್ರತ್ಯೇಕ ಕಾರ್ಯಕ್ರಮಗಳಿವೆ. ಲೈಸೆನ್ಸ್ ಕಿತ್ತುಕೊಳ್ಳುವ ಬದಲು ವರ್ಷಗಟ್ಟಲೆ ನಿಗಾ ಇಡುತ್ತಾರೆ. ಯಾವ ದಿನ ಬೇಕಾದರೂ ಮೂತ್ರ ಪರೀಕ್ಷೆ, ಶುರುವಿನಲ್ಲಿ ನಾರ್ಕೋಟಿಕ್ ಔಷಧಿ ಮುಟ್ಟುವ ಹಾಗಿಲ್ಲ. ಅಲ್ಲೂ ಗೋಳು ತಪ್ಪಿಲ್ಲ. ಷರತ್ತು ಹೊತ್ತು ಬಂದ ನರ್ಸನ್ನು ತೆಗೆದುಕೊಳ್ಳಲು ಆಸ್ಪತ್ರೆಗಳು ಹಿಂದೆಮುಂದೆ ನೋಡುತ್ತವೆ. ಆದರೂ ಮೇಟ್ರನ್ ಕೈಯಲ್ಲಿ ಒಂದು ಕಾಗದ ಇರುತ್ತದೆ, ಏನಾದರೂ ಆದರೆ ಫೋನ್ ಮಾಡಲು ಒಂದು ಜಾಗ ಇರುತ್ತದೆ. ಇಲ್ಲಿ ನಾನೂ ಸುಜಾತಾನೂ ಮೇಜಿನ ಎದುರುಬದುರು ಕೂತು ನಮ್ಮದೇ ಷರತ್ತುಗಳನ್ನು ಎ4 ಹಾಳೆಯಲ್ಲಿ ಬರೆದುಕೊಂಡೆವು.

ಪೊಲೀಸ್ ಭಯಕ್ಕೆ ಚಿಕಿತ್ಸೆಗೇ ಬಾರದವರಿದ್ದಾರೆ, ಅದಕ್ಕೆ ಈ ಮಾತು. ಮಾದಕ ವಸ್ತುಗಳ ಕುರಿತಾದ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಇದೆ. ತಾನಾಗಿ ಮುಂದೆ ಬಂದು ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆ ಪಡೆಯುವ ವ್ಯಸನಿಗೆ ಸೇವನೆಯ ಮತ್ತು ಸಣ್ಣ ಪ್ರಮಾಣದ ಕೇಸಿನಿಂದ ಅದು ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು. ಆಸ್ಪತ್ರೆಯ ದಾಸ್ತಾನಿನಿಂದ ತೆಗೆದದ್ದು ಬೇರೆ ಮಾತು, ಅದಕ್ಕೆ ವಕೀಲರನ್ನೇ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಯಾರ ಹತ್ತಿರವೂ ಬಾಯಿ ಬಿಡಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಸುಜಾತಾ ನನ್ನ ಮಾತು ಕೇಳಿ ಮೊದಲ ಸಲ ಒಬ್ಬ ಮೇಟ್ರನ್‌ಗೆ ವಿಷಯ ಹೇಳಿದರು. ಆ ಮೇಟ್ರನ್ ಪತ್ರ ಓದಿ, ಕೈ ಹಿಡಿದುಕೊಂಡು, "ನಿನ್ನ ಧೈರ್ಯ ಮೆಚ್ಚಿದೆ ಕಣಮ್ಮಾ, ಆದ್ರೆ ಮ್ಯಾನೇಜ್‌ಮೆಂಟ್‌ಗೆ ನಾನೇನು ಹೇಳ್ಲಿ?" ಅಂದು ಕಳಿಸಿದರು. ಅವತ್ತು ರಾತ್ರಿ ನನಗೆ ಮೆಸೇಜ್ ಬಂತು. "ನಿಮ್ಮ ಸತ್ಯ ನೀವೇ ಇಟ್ಕೊಳ್ಳಿ ಮೇಡಂ." ಎರಡು ವಾರ ಅವರು ಬರಲಿಲ್ಲ. ಆ ಎರಡು ವಾರ ನನಗೂ ನಿದ್ದೆ ನೆಟ್ಟಗೆ ಬರಲಿಲ್ಲ.

ಎರಡನೇ ಕಡೆ ಸಣ್ಣ ಊರಿನ ಡಯಾಲಿಸಿಸ್ ಘಟಕ. ಆರು ಮೆಷಿನ್. ಅಲ್ಲಿಯ ಮೇಟ್ರನ್ ಪತ್ರವನ್ನು ಎರಡು ಸಲ ಓದಿ ಒಂದೇ ಪ್ರಶ್ನೆ ಕೇಳಿದರಂತೆ. "ನೈಟ್ ಹಾಕ್ಬಾರ್ದು ಅಂದ್ರೆ ನಾನು ರೋಸ್ಟರ್ ಹೆಂಗಮ್ಮಾ ಮಾಡ್ಲಿ?" ಪ್ರತಿ ಭಾನುವಾರ ನಾನೇ ಬರ್ತೀನಿ ಅಂತ ಸುಜಾತಾ ಒಪ್ಪಿಕೊಂಡರು. ಮೊದಲು 28 ಸಾವಿರ ಎಣಿಸುತ್ತಿದ್ದವರಿಗೆ ಈಗ 17 ಸಾವಿರ. ಬೆಳಿಗ್ಗೆ ಐದೂವರೆಯ ಬಸ್ಸು. ಅತ್ತೆ ಮಾತ್ರೆ ಕೊಡಲು ಐದಕ್ಕೇ ಏಳುತ್ತಾರೆ.

ಪ್ರತಿ ಸಲ ಬಂದಾಗಲೂ ಐಸಿಯುಗೆ ಯಾವಾಗ ಹೋಗಬಹುದು ಅಂತ ಕೇಳುತ್ತಾರೆ. ಮುಂದಿನ ತಿಂಗಳಿಗೆ ನಾನು ಹೇಳಿದ ವರ್ಷ ತುಂಬುತ್ತದೆ. ಡಯಾಲಿಸಿಸ್ ಮೇಟ್ರನ್ ಕೂಡ ಸುಜಾತಾ ಕೈಲೇ ಕೇಳಿಸಿದ್ದಾರೆ, ರಾತ್ರಿ ಎಮರ್ಜೆನ್ಸಿ ಬಂದರೆ ಇವರನ್ನು ಕರೆಯಬಹುದಾ ಅಂತ. ಹದಿನಾರಕ್ಕೆ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇವೆ. ಮೂವರೂ ಕೂತು ಮಾತಾಡಬೇಕು. ನಾನು ಏನು ಹೇಳಬೇಕು ಅಂತ ಇನ್ನೂ ತೀರ್ಮಾನ ಮಾಡಿಲ್ಲ.