ಬೇಗ ಬೆಳೆಯುವ ಹಸಿರು ಬೇಲಿ ಯಾವ್ದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸುರತ್ಕಲ್ ಹತ್ತಿರ 10 ಸೆಂಟ್ಸ್ ಜಾಗದಲ್ಲಿ ನಮ್ಮ ಮನೆ. ಪಾಗಾರ 5 ಫೀಟ್ ಉಂಟು. ಈಗ ಪಕ್ಕದಲ್ಲಿ ಫ್ಲ್ಯಾಟ್ ಬಂದಿದೆ, ಅದರ ಫಸ್ಟ್ ಫ್ಲೋರ್ ಬಾಲ್ಕನಿಯಿಂದ ನಮ್ಮ ಬಾವಿಕಟ್ಟೆ, ಬಟ್ಟೆ ಒಣಗಿಸುವ ಜಾಗ ಎಲ್ಲ ಕಾಣ್ತದೆ. ಅಮ್ಮನಿಗೆ ಹೊರಗೆ ಕೂತ್ಕೊಳ್ಳಲಿಕ್ಕೇ ಸಂಕೋಚ. ವರ್ಷವಿಡೀ ಹಸಿರಾಗಿರುವ, ಬೇಗ ಬೆಳೆಯುವ ಗಿಡ ಯಾವ್ದು ಹಾಕ್ಬೇಕು? ಒಂದು ನರ್ಸರಿಯಲ್ಲಿ ಕೋನೋಕಾರ್ಪಸ್ ಹಾಕಿ, ಒಂದೇ ವರ್ಷದಲ್ಲಿ ಮುಚ್ಚಿಕೊಳ್ತದೆ ಅಂತ ಹೇಳಿದ್ರು.

ಉತ್ತರ: ಕೋನೋಕಾರ್ಪಸ್ ದಯವಿಟ್ಟು ಬೇಡ. ಬೇಗ ಬೆಳೀತದೆ ನಿಜ, ಆದ್ರೆ ಅದರ ಬೇರು ನೀರು ಹುಡುಕ್ಕೊಂಡು ಪೈಪು, ಚರಂಡಿ ಎಲ್ಲ ಕಡೆ ನುಗ್ತದೆ, ನಿಮ್ಮಲ್ಲಿ ಬಾವಿ ಬೇರೆ ಹತ್ರ ಉಂಟು. ಗುಜರಾತ್ 2023ರಲ್ಲಿ ಆ ಗಿಡ ನೆಡುವುದನ್ನೇ ನಿಷೇಧಿಸಿತು, ಬೇರಿನ ಹಾವಳಿ ಒಂದು ಕಾರಣ, ಹೂವಿನ ಪರಾಗದಿಂದ ಶೀತ, ಕೆಮ್ಮು, ಅಸ್ತಮಾದ ತೊಂದ್ರೆ ಇನ್ನೊಂದು.

ಗಿಡದ ಹೆಸರಿಗಿಂತ ಮೊದಲು ಒಂದು ಕೆಲಸ ಮಾಡಿ. ಅಮ್ಮ ಕೂತ್ಕೊಳ್ಳುವ ಜಾಗದಲ್ಲಿ ನೀವೇ ಕುರ್ಚಿ ಹಾಕಿ ಕೂತು ಆ ಬಾಲ್ಕನಿ ಕಡೆ ನೋಡಿ. ಪಾಗಾರದ ಹತ್ತಿರ ಮರೆ ಮಾಡ್ಬೇಕಾದ್ರೆ ಗಿಡ ತುಂಬಾ ಎತ್ತರ ಬೇಕು, ಅದೇ ನಿಮ್ಮ ಕುರ್ಚಿಯಿಂದ ನಾಲ್ಕೈದು ಫೀಟ್ ದೂರದಲ್ಲಿ ಗಿಡ ಇದ್ರೆ 7-8 ಫೀಟಿನದ್ದೇ ಸಾಕಾಗ್ತದೆ. ಇಡೀ ಗಡಿಗೆ ಬೇಲಿ ಕಟ್ಟುವ ಬದಲು ಬಾವಿಕಟ್ಟೆ ಹತ್ರ ಒಂದು ತುಂಡು, ಬಟ್ಟೆ ಹಗ್ಗದ ಹತ್ರ ಒಂದು ತುಂಡು ಹಾಕಿದ್ರೆ ಕೆಲಸ ಅರ್ಧಕ್ಕೆ ಇಳೀತದೆ.

ಗಿಡ ಅಂದ್ರೆ ನಾನು ಮೊದಲು ಹೇಳುವುದು ನಮ್ಮ ಸಾದಾ ಕೆಂಪು ದಾಸವಾಳ, ಐದೆಸಳಿನದ್ದು. ದೊಡ್ಡ ದೊಡ್ಡ ಹೂವಿನ ಹೈಬ್ರಿಡ್ ಬೇಡ, ಅದು ನಿಧಾನ, ರೋಗವೂ ಜಾಸ್ತಿ. ಸಾದಾ ದಾಸವಾಳಕ್ಕೆ ನಮ್ಮ ಮಳೆ, ನಮ್ಮ ಕೆಂಪು ಮಣ್ಣು ಎರಡೂ ಒಗ್ತದೆ, ಎಲೆ ಪೂರ್ತಿ ಉದುರಿಸಿ ಬೋಳಾಗುವುದಿಲ್ಲ, ದೇವರಿಗೆ ಹೂ ಆಯ್ತು, ತಲೆಗೆ ಹಚ್ಚಲಿಕ್ಕೆ ಗೊಂಪೂ ಆಯ್ತು. ಎರಡು ಮಳೆಗಾಲ ದಾಟಿದ್ರೆ ಆಳೆತ್ತರ ದಾಟ್ತದೆ. ಅದರ ಮಧ್ಯೆ ಮಧ್ಯೆ ಆಡುಸೋಗೆ ಸೇರಿಸಿ. ಆಡುಸೋಗೆಯನ್ನು ದನ, ಆಡು ಮುಟ್ಟುವುದಿಲ್ಲ, ಅರ್ಧ ನೆರಳಲ್ಲೂ ಬರ್ತದೆ, ಕಡಿದಷ್ಟೂ ಚಿಗುರ್ತದೆ. ಒಂದೇ ಜಾತಿ ಉದ್ದಕ್ಕೆ ಹಾಕಿದ್ರೆ ಹಿಟ್ಟು ತಿಗಣೆ ಬಂದಾಗ ಇಡೀ ಸಾಲಿಗೆ ಹಬ್ಬುತ್ತದೆ, ದಾಸವಾಳಕ್ಕಂತೂ ಅದರ ಕಾಟ ಇದ್ದದ್ದೇ, ಹಾಗಾಗಿ ಮಿಶ್ರ ಮಾಡಿದ್ರೇ ಒಳ್ಳೇದು.

ದುಡ್ಡು ಕೊಟ್ಟು ಗಿಡ ತರ್ಲೇಬೇಕು ಅಂತ ಇಲ್ಲ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮಳೆ ಸರಿಯಾಗಿ ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ತೀರಾ ಎಳತೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ಗೆಲ್ಲು ನೋಡಿ ಒಂದು ಗೇಣು ಉದ್ದಕ್ಕೆ ತುಂಡು ಮಾಡಿ. ಕೆಳಗಿನ ತುದಿ ಗಿಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕಡೀಬೇಕು, ಕತ್ತಿ ಹರಿತ ಇರ್ಲಿ, ಸಿಪ್ಪೆ ಜಜ್ಜಿಹೋದ್ರೆ ಕೊಳೀತದೆ. ಮೇಲೆ ಎರಡು ಎಲೆ ಬಿಟ್ಟು ಉಳಿದದ್ದು ತೆಗೀರಿ, ಎರಡು ಗಿಣ್ಣು ಮಣ್ಣೊಳಗೆ ಹೋಗುವ ಹಾಗೆ ಸ್ವಲ್ಪ ವಾಲಿಸಿ ಊರಿ, ಸುತ್ತ ಮಣ್ಣು ಗಟ್ಟಿ ಒತ್ತಿ.

ಇನ್ನು ಗುಂಡಿ ವಿಷಯ. ಮುರಕಲ್ಲು ಇರುವ ಜಾಗದಲ್ಲಿ ಒಂದೊಂದು ಗಿಡಕ್ಕೆ ಒಂದೊಂದು ಗುಂಡಿ ತೆಗೆದ್ರೆ ಜುಲೈ ಮಳೆಗೆ ಅದು ಬೋಗುಣಿ ಹಾಗೆ ನೀರು ತುಂಬಿ ನಿಲ್ತದೆ, ಬೇರು ಕೊಳೆತು ಗಿಡ ಹಳದಿಯಾಗಿ ಸಾಯ್ತದೆ, ಜನ ಆಮೇಲೆ ಗಿಡಕ್ಕೆ ಬೈತಾರೆ. ಪಿಕ್ಕಾಸು ಹಿಡಿದು ಒಂದೂವರೆ ಫೀಟ್ ಅಗಲ, ಅಷ್ಟೇ ಆಳದ ಉದ್ದ ಚರಂಡಿ ತೆಗೀರಿ, ಒಂದು ತುದಿಗೆ ಇಳಿಜಾರು ಕೊಟ್ಟು ನೀರು ಹೊರಗೆ ಹೋಗ್ಲಿಕ್ಕೆ ದಾರಿ ಬಿಡಿ. ಅಡಿಗೆ ತೆಂಗಿನ ಸಿಪ್ಪೆ, ಮೇಲೆ ಮಣ್ಣು, ಹಟ್ಟಿಗೊಬ್ಬರ, ಸಿಕ್ಕಿದ್ರೆ ಸ್ವಲ್ಪ ಸುಡುಮಣ್ಣು. ಆ ಸಿಪ್ಪೆ ಏಪ್ರಿಲ್, ಮೇ ತಿಂಗಳಲ್ಲಿ ತೇವ ಹಿಡಿದಿಡ್ತದೆ. ಗಿಡ 2 ಫೀಟಿಗೊಂದು, ಎರಡು ಸಾಲು, ಓರೆಕೋರೆಯಾಗಿ.

ಎಲ್ಲಕ್ಕಿಂತ ಮುಖ್ಯ ಇದು, ಹೆಚ್ಚಿನವರು ಇಲ್ಲೇ ಮನಸ್ಸು ಗಟ್ಟಿ ಮಾಡುವುದಿಲ್ಲ: ಗಿಡ ಒಂದು ಫೀಟ್ ಆದ ಕೂಡ್ಲೆ ತುದಿ ಚಿವುಟಿ. ಎತ್ತರ ಬೇಕು ಅಂತ ಬಿಟ್ರೆ ಮೇಲೆ ಮಾತ್ರ ಎಲೆ, ಕೆಳಗೆ ಬರೀ ಕಡ್ಡಿ, ಆಮೇಲೆ ಎಷ್ಟು ಗೊಬ್ಬರ ಹಾಕಿದ್ರೂ ಕೆಳಗೆ ತುಂಬುವುದು ಕಷ್ಟ. ತುದಿ ಚಿವುಟಿದ್ರೆ ಬದಿಯಿಂದ ಎರಡು ಮೂರು ಕವಲು ಒಡೀತದೆ, ಅದು ಅರ್ಧ ಫೀಟ್ ಆದ್ಮೇಲೆ ಪುನಃ ಚಿವುಟಿ. ಮತ್ತೆ ಕತ್ತರಿಸುವಾಗ ಬುಡ ಅಗಲ, ತಲೆ ಸಪೂರ ಇರ್ಲಿ, ಕೆಳಗಿನ ಎಲೆಗೂ ಬಿಸಿಲು ಬೀಳ್ಬೇಕು. ಬೇಗ ಬೆಳೆಯುವ ಗಿಡಕ್ಕೆ ಕತ್ತರಿಯೂ ಬೇಗ ಬೇಗ ಬೇಕು, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅಂತ ಲೆಕ್ಕ ಇಟ್ಕೊಳ್ಳಿ.

ಅಲ್ಲಿವರೆಗೆ ಅಮ್ಮ ಎಂತ ಮಾಡುವುದು? ಎರಡು ಕಂಬ ಊರಿ ನೆಟ್ ಕಟ್ಟಿ ಬಸಳೆ ಇಲ್ಲದಿದ್ರೆ ಅಲಸಂಡೆ ಹಬ್ಬಿಸಿ. ಮರೆಯೂ ಆಯ್ತು, ಪದಾರ್ಥಕ್ಕೂ ಆಯ್ತು.

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ಮನೆ ಸುತ್ತ ಲೇಲ್ಯಾಂಡಿ ಅಂತ ಒಂದು ಗಿಡ, ಎಷ್ಟು ಚಂದ ದಟ್ಟ ಬೆಳೀತದೆ. ಉಡುಪಿಯಲ್ಲಿ ಆಗ್ತದಾ?

ಉತ್ತರ: ಆಗ್ಲಿಕ್ಕಿಲ್ಲ. ಅದು ತಂಪು ದೇಶದ ಸೈಪ್ರೆಸ್, 1888ರಲ್ಲಿ ವೇಲ್ಸ್‌ನ ಲೇಟನ್ ಹಾಲ್ ತೋಟದಲ್ಲಿ ಅಮೆರಿಕದ ಎರಡು ಸೈಪ್ರೆಸ್ ಜಾತಿ ತಾವಾಗೇ ಬೆರೆತು ಹುಟ್ಟಿದ ಮಿಶ್ರತಳಿ. ಅಲ್ಲಿ ವರ್ಷಕ್ಕೆ ಮೂರು ಫೀಟಿನಷ್ಟು ಬೆಳೀತದೆ, ಅದೇ ಜಗಳಕ್ಕೂ ಮೂಲ. ಪಕ್ಕದ ಮನೆಗೆ ಬಿಸಿಲೇ ಬೀಳದ ಹಾಗೆ ಬೆಳೆದು ಕೊನೆಗೆ 2003ರಲ್ಲಿ ಕಾನೂನೇ ಬಂತು, 2 ಮೀಟರ್ ದಾಟಿದ ನಿತ್ಯಹಸಿರು ಬೇಲಿಯಿಂದ ತೊಂದ್ರೆ ಆದ್ರೆ ಪಕ್ಕದವ್ರು ಕೌನ್ಸಿಲ್‌ಗೆ ದೂರು ಕೊಡ್ಬಹುದು. ನಮ್ಮಲ್ಲಿ ಆ ಥರ ಕಾಣ್ತದೆ ಅಂತ ಥೂಜಾ ತರುವವ್ರಿದ್ದಾರೆ, ಇಲ್ಲಿನ ಸೆಕೆ ಮತ್ತು ಎಡೆಬಿಡದ ಮಳೆಗೆ ಅದರ ಒಳಗಿನ ಎಲೆ ಕಂದಾಗ್ತದೆ, ಒಮ್ಮೆ ಬೋಳಾದ ಹಳೇ ಕೊಂಬೆ ಮತ್ತೆ ಚಿಗುರುವುದಿಲ್ಲ. ನೇರ ಎತ್ತರವೇ ಬೇಕಿದ್ರೆ ಶಾಲೆ, ಆಫೀಸುಗಳ ಗೇಟಿನ ಹತ್ರ ನೆಡ್ತಾರಲ್ಲ, ಎಲೆ ಕೆಳಗೆ ಜೋತುಬೀಳುವ ಆ ಅಶೋಕ, ಅದನ್ನು 4 ಫೀಟಿಗೊಂದು ಹಾಕಿ. ಜಾಗ ಕಡಿಮೆ ತಿನ್ತದೆ, ವರ್ಷವಿಡೀ ಹಸಿರು. ಮೇಲೆ ಮೆಸ್ಕಾಂ ಲೈನ್ ಇದ್ರೆ ಮಾತ್ರ ಅದೂ ಬೇಡ.

ಪ್ರಶ್ನೆ: ಮಲ್ಪೆಯಲ್ಲಿ ಸಮುದ್ರಕ್ಕೆ ಹತ್ರ ಮನೆ. ಯಾವ ಗಿಡ ಹಾಕಿದ್ರೂ ಎಲೆ ತುದಿ ಸುಟ್ಟು ಹೋಗ್ತದೆ.

ಉತ್ತರ: ಅದು ಗಾಳಿಯಲ್ಲಿ ಬರುವ ಉಪ್ಪು. ನಿಮಗೆ ಕಡಲಬದಿಯದ್ದೇ ಗಿಡ ಬೇಕು. ನರ್ಸರಿಯಲ್ಲಿ ಕ್ಲೆರೋಡೆಂಡ್ರಮ್ ಇನರ್ಮಿ ಅಂತ ಕೇಳಿ, ಸಣ್ಣ ಬಿಳಿ ಹೂವಿನ ಪೊದೆ, ನದಿ ಅಳಿವೆ ಬದಿಗಳಲ್ಲಿ ತಾನಾಗೇ ಬೆಳೆಯುವಂಥದ್ದು, ಉಪ್ಪು, ಮರಳು ಎಲ್ಲ ತಡ್ಕೊಳ್ತದೆ, ಕತ್ತರಿಸಿದ್ರೆ ಒಳ್ಳೇ ದಟ್ಟ ಆಗ್ತದೆ. ಗಾಳಿ ಮರವನ್ನೂ (ಕ್ಯಾಸುರಿನಾ) ಗಿಡ ಎಳತಿರುವಾಗಲೇ ತುದಿ ಕತ್ತರಿಸ್ತಾ ಬಂದ್ರೆ ಬೇಲಿ ಮಾಡ್ಬಹುದು. ಕಣಗಿಲೆ ಕೂಡ ತಡೀತದೆ, ಆದ್ರೆ ಅದರ ಎಲೆ, ಕಾಂಡ, ಹೂ ಎಲ್ಲವೂ ವಿಷ, ಸಣ್ಣ ಮಕ್ಕಳು, ದನ ಇರುವ ಮನೆಗೆ ನಾನು ಹೇಳುವುದಿಲ್ಲ. ಮೊದಲ ವರ್ಷ ಸಮುದ್ರದ ಕಡೆಗೆ ಶೇಡ್ ನೆಟ್ ಕಟ್ಟಿ, ಮಳೆ ಇಲ್ಲದೆ ಬರೀ ಗಾಳಿ ಬೀಸಿದ ದಿನ ಸಂಜೆ ಬಾವಿ ನೀರಲ್ಲಿ ಎಲೆ ತೊಳೀರಿ.

ಪ್ರಶ್ನೆ: ಕಾರ್ಕಳದಲ್ಲಿ ತೋಟದ ಬದಿಗೆ ಬಿದಿರು ಹಾಕುವ ಅಂತ ಉಂಟು, ಎಲ್ಲ ಕಡೆ ಹಬ್ಬುತ್ತದೆ ಅಂತ ಹೆದರಿಸ್ತಾರೆ.

ಉತ್ತರ: ನೆಲದಡಿ ಓಡುವ ಜಾತಿ ಬೇರೆ, ಹಿಂಡಾಗಿ ಒಂದೇ ಕಡೆ ನಿಲ್ಲುವ ಜಾತಿ ಬೇರೆ. ಮಲ್ಟಿಪ್ಲೆಕ್ಸ್ ಬಿದಿರು ಹಿಂಡಿನದ್ದು, ಸಪೂರ, ಮುಳ್ಳಿಲ್ಲ, ಬೇಲಿಗೆ ಅದೇ ಸರಿ. ಹಳದಿ ಬಿದಿರು ಸಣ್ಣ ಜಾಗಕ್ಕೆ ತೀರಾ ದೊಡ್ಡದಾಯ್ತು. ಪಾಗಾರದಿಂದ 4 ಫೀಟ್ ಬಿಟ್ಟು ನೆಡಿ, ಮಳೆಗಾಲದಲ್ಲಿ ಬೇಡದ ಕಡೆ ಬಂದ ಕಣಿಲೆಯನ್ನು ಮೆತ್ತಗಿರುವಾಗಲೇ ಮುರಿದುಬಿಡಿ.

ಪ್ರಶ್ನೆ: ಹೊಸ ಪಾಗಾರದ ಬುಡಕ್ಕೆ ಕೇಪಳ ಹಾಕಿದ್ದೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಗೊಬ್ಬರ ಹಾಕಿದ್ರೂ ಸರಿಯಾಗ್ಲಿಲ್ಲ. (ಮೂಡುಬಿದಿರೆ)

ಉತ್ತರ: ಕೇಪಳಕ್ಕೆ ನಮ್ಮ ಹುಳಿ ಮಣ್ಣೇ ಬೇಕು. ಪಾಗಾರ ಕಟ್ಟುವಾಗ ಬಿದ್ದ ಸಿಮೆಂಟು, ಸುಣ್ಣ ಆ ಮಣ್ಣಿನ ಹುಳಿ ತೆಗೀತದೆ, ಆಗ ಮಣ್ಣಲ್ಲಿ ಕಬ್ಬಿಣದ ಅಂಶ ಇದ್ರೂ ಗಿಡಕ್ಕೆ ಎಳ್ಕೊಳ್ಳಿಕ್ಕೆ ಆಗುವುದಿಲ್ಲ. ನೀವು ಎಷ್ಟು ಗೊಬ್ಬರ ಸುರಿದ್ರೂ ಪ್ರಯೋಜನ ಇಲ್ಲ. ಬುಡದ ಸಿಮೆಂಟ್ ತುಂಡು ಎಲ್ಲ ಆರಿಸಿ, ಗಿಡವನ್ನು ಮಣ್ಣುಂಡೆ ಸಮೇತ ಎಬ್ಬಿಸಿ ಗೋಡೆಯಿಂದ ಎರಡು ಫೀಟ್ ಈಚೆಗೆ ತನ್ನಿ, ಗುಡ್ಡೆಯ ಕೆಂಪು ಮಣ್ಣು, ಕೊಳೆತ ತರಗೆಲೆ ಹಾಕಿ. ಈ ಕೆಲಸ ಮಳೆ ಇರುವಾಗಲೇ ಮಾಡಿ, ಬೂದಿ ಮಾತ್ರ ಹಾಕ್ಬೇಡಿ.