ಬಿಲ್ ಕೌಂಟರಿನ ಆಚೆ, ಈಚೆ

ಪ್ರಶ್ನೆ: ಮೇಡಂ, ಮಗಳ ಬಾಣಂತನಕ್ಕೆಂದು ಅಮೆರಿಕದ ಟೆಕ್ಸಾಸ್‌ಗೆ ಹೋಗಿ ಆರು ತಿಂಗಳು ಇದ್ದು ಬಂದೆ. ವಾರಕ್ಕೊಮ್ಮೆ ಸಾಮಾನು ತರುತ್ತಿದ್ದ ದೊಡ್ಡ ಅಂಗಡಿಯಲ್ಲಿ ಬಿಲ್ ಹಾಕುವ ಹೆಂಗಸೊಬ್ಬಳು ನನ್ನನ್ನು ಕಂಡರೆ ನಗುತ್ತಿದ್ದಳು. ಇಬ್ಬರು ಮಕ್ಕಳ ತಾಯಿ, ಒಬ್ಬಳೇ ಸಂಸಾರ ತೂಗಿಸುತ್ತಾಳೆ. ಒಂದು ಸಂಜೆ ಡ್ಯೂಟಿ ಮುಗಿಸಿ, ಯೂನಿಫಾರಂನಲ್ಲೇ ನಮ್ಮ ಮುಂದೆ ಸಾಲಿನಲ್ಲಿ ನಿಂತಿದ್ದಳು. ಹಾಲು, ಬ್ರೆಡ್ಡಿಗೆ ಒಂದು ಕಾರ್ಡ್ ಉಜ್ಜಿದಳು. ಸೋಪಿಗೆ ಮಾತ್ರ ಪರ್ಸಿನಿಂದ ಚಿಲ್ಲರೆ ಎಣಿಸಿ ಕೊಟ್ಟಳು. ಅದು ಬಡವರಿಗೆ ಸರ್ಕಾರ ಕೊಡುವ ಕಾರ್ಡ್ ಎಂದರು ಅಳಿಯ. ಅವಳಿಗೆ ಗಂಟೆಗೆ 15 ಡಾಲರ್ ಸಂಬಳವಂತೆ. ಇಷ್ಟು ಸಿಕ್ಕರೂ ಸರ್ಕಾರದ ನೆರವು ಯಾಕೆ ಬೇಕು?
– ಹೆಸರು ಬೇಡ ಎಂದಿರುವ ಓದುಗರು

ಉತ್ತರ: ಸೋಪಿನ ಸಂಗತಿ ಬರೆದಿರಿ ನೋಡಿ, ಅಲ್ಲೇ ನನ್ನನ್ನು ಹಿಡಿದುಬಿಟ್ಟಿರಿ. ಅದೇ ರಾಜ್ಯದ ಒಂದು ಅಂಗಡಿಯಲ್ಲಿ ನಾನೂ ನಾಲ್ಕು ವರ್ಷ ಬಿಲ್ ಹಾಕಿದವಳು. ಆ ಕಾರ್ಡಿಗೆ ಅಲ್ಲಿ ಲೋನ್ ಸ್ಟಾರ್ ಕಾರ್ಡ್ ಅನ್ನುತ್ತಾರೆ. ನೋಡಲು ಬ್ಯಾಂಕ್ ಕಾರ್ಡಿನ ಹಾಗೇ ಇರುತ್ತದೆ, ಪಿನ್ ಒತ್ತಬೇಕು. ತಿಂಗಳಿಗೊಮ್ಮೆ ಅದಕ್ಕೆ ದುಡ್ಡು ಬೀಳುತ್ತದೆ. ಯೋಜನೆಯ ಹೆಸರು ಸ್ನ್ಯಾಪ್. ಹಳಬರು ಈಗಲೂ ಫುಡ್ ಸ್ಟ್ಯಾಂಪ್ ಅಂತಲೇ ಕರೆಯುತ್ತಾರೆ.

ಆ ದುಡ್ಡು ತಿನ್ನುವ ಸಾಮಾನಿಗೆ ಮಾತ್ರ. ಸೋಪು, ಮಾತ್ರೆ, ಮಗುವಿನ ಡೈಪರ್ ಯಾವುದಕ್ಕೂ ನಡೆಯುವುದಿಲ್ಲ. ಬಿಸಿ ಊಟಕ್ಕೂ ಇಲ್ಲ! ನಮ್ಮಲ್ಲಿ ಬಾಗಿಲ ಹತ್ತಿರವೇ ಗಾಜಿನ ಪೆಟ್ಟಿಗೆಯಲ್ಲಿ ಸುಟ್ಟ ಕೋಳಿ ಬಿಸಿಬಿಸಿಯಾಗಿ ಇರುತ್ತಿತ್ತು. ಅದನ್ನು ಈ ಕಾರ್ಡಿನಲ್ಲಿ ಕೊಳ್ಳುವಂತಿಲ್ಲ. ಅದೇ ಕೋಳಿ ಆರಿ, ಫ್ರಿಜ್ಜಿಗೆ ಹೋಗಿ, ತಣ್ಣಗಿನ ಸಾಮಾನಾಗಿ ಬಂದರೆ ಕೊಳ್ಳಬಹುದು. ಈ ನಿಯಮವನ್ನು ಗಿರಾಕಿಗಳಿಗೆ ಬಿಡಿಸಿ ಹೇಳುವಾಗ ನನಗೇ ನಾಚಿಕೆಯಾಗುತ್ತಿತ್ತು.

ಸಂಬಳದ ವಿಷಯಕ್ಕೆ ಬರೋಣ. ಗಂಟೆಗೆ 15 ಡಾಲರ್ ಅಂದ ಕೂಡಲೇ ನಾವು ಅದನ್ನು ರೂಪಾಯಿಗೆ ಗುಣಿಸಿ ಬೆರಗಾಗುತ್ತೇವೆ, ಅಲ್ವಾ? ವಾರಕ್ಕೆ ಎಷ್ಟು ಗಂಟೆ ಕೆಲಸ ಕೊಡುತ್ತಾರೆ ಅಂತ ಯಾರೂ ಕೇಳುವುದಿಲ್ಲ. ನನಗೆ ಹೆಚ್ಚಿನ ವಾರ ಬರುತ್ತಿದ್ದದ್ದು 28 ಗಂಟೆ. ನಿಮ್ಮ ಗೆಳತಿಗೂ ಅಷ್ಟೇ ಅಂದುಕೊಳ್ಳಿ. ವಾರಕ್ಕೆ 420 ಡಾಲರ್. ಒಂದು ವಾರವೂ ರಜೆ ಹಾಕದೆ ದುಡಿದರೆ ವರ್ಷಕ್ಕೆ 21,840. ಮೂರು ಜನರ ಕುಟುಂಬಕ್ಕೆ ಅಲ್ಲಿನ ಸರ್ಕಾರ 2024ರಲ್ಲಿ ಹಾಕಿದ ಬಡತನದ ಗೆರೆ 25,820 ಡಾಲರ್. ಅಂದರೆ ಕೆಲಸದಲ್ಲಿದ್ದೂ ಗೆರೆಯ ಕೆಳಗೇ ಇದ್ದಾಳೆ.

28 ಯಾಕೆ? ವಾರಕ್ಕೆ ಸರಾಸರಿ 30 ಗಂಟೆ ದುಡಿದರೆ ಅಲ್ಲಿನ ಆರೋಗ್ಯ ವಿಮೆ ಕಾನೂನಿನ ಪ್ರಕಾರ ಅದು ಪೂರ್ಣಾವಧಿ ಕೆಲಸ. ಅಂಥವರಿಗೆ ದೊಡ್ಡ ಕಂಪನಿ ವಿಮೆ ಕೊಡಬೇಕು, ಇಲ್ಲದಿದ್ದರೆ ದಂಡದ ಭಯ. ನಮ್ಮ ಮ್ಯಾನೇಜರ್ ಇದನ್ನೆಲ್ಲ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಗೋಡೆಗೆ ಅಂಟಿಸುವ ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ 30 ಬರುತ್ತಲೇ ಇರಲಿಲ್ಲ. ಕ್ರಿಸ್‌ಮಸ್ ಹಿಂದೆಮುಂದೆ ಬಿಟ್ಟರೆ 27, 28, ಒಂದೊಂದು ವಾರ 16. ದಿನವೂ, ಹೊತ್ತೂ ಬದಲಾಗುತ್ತಿದ್ದರಿಂದ ಇನ್ನೊಂದು ಕಡೆ ಕೆಲಸ ಹಿಡಿಯೋಣ ಅಂದರೂ ಆಗುತ್ತಿರಲಿಲ್ಲ.

ವಿಮೆಯದು ಇನ್ನೂ ದೊಡ್ಡ ಗೋಳು. ಬಡವರ ಆರೋಗ್ಯಕ್ಕೆ ಮೆಡಿಕೇಡ್ ಅಂತ ಒಂದು ಯೋಜನೆ ಇದೆ. ಟೆಕ್ಸಾಸ್‌ನಲ್ಲಿ ಅದು ಮಕ್ಕಳಿಗೆ ಸಿಗುತ್ತದೆ. ತಾಯಿಗೆ ಸಿಗಬೇಕಾದರೆ ವರಮಾನ ತೀರಾ ತೀರಾ ಕಮ್ಮಿ ಇರಬೇಕು, 21 ಸಾವಿರ ಅಲ್ಲಿ ಜಾಸ್ತಿಯೇ ಆಯಿತು. ಸರಿ, ಸಬ್ಸಿಡಿಯಲ್ಲಿ ಖಾಸಗಿ ವಿಮೆ ಕೊಳ್ಳೋಣ ಅಂದರೆ ಅದಕ್ಕೆ ವರಮಾನ ಬಡತನದ ಗೆರೆಯನ್ನಾದರೂ ಮುಟ್ಟಬೇಕು. ಅವಳದು ಮುಟ್ಟಿಲ್ಲ. ಒಂದು ಬಾಗಿಲಲ್ಲಿ ನೀನು ಸಿರಿವಂತೆ ಅನ್ನುತ್ತಾರೆ, ಪಕ್ಕದ ಬಾಗಿಲಲ್ಲಿ ನೀನು ಬಡವಿ ಅನ್ನುತ್ತಾರೆ. ನನ್ನ ಪಕ್ಕದ ಕೌಂಟರಿನವಳು ಹಲ್ಲುನೋವಿಗೆ ಲವಂಗ ಕಚ್ಚಿಕೊಂಡೇ ಬಿಲ್ ಹಾಕುತ್ತಿದ್ದಳು. ಹೀಗೆ ವಾರಗಟ್ಟಲೆ.

ಹಾಗಾದರೆ ಈ ನೆರವು ಯಾರಿಗೆ, ಕೆಲಸದವಳಿಗೋ ಅಂಗಡಿಯವನಿಗೋ? ಪಂಡಿತರಲ್ಲಿ ಒಮ್ಮತವಿಲ್ಲ. ಮನೆಯಲ್ಲಿ ಅನ್ನಕ್ಕೆ ದಾರಿ ಇದ್ದರೆ ಕೆಟ್ಟ ಸಂಬಳದ ಕೆಲಸ ಬೇಡ ಅನ್ನುವ ಧೈರ್ಯ ಬರುತ್ತದೆ, ಆಗ ಸಂಬಳ ಏರುತ್ತದೆ ಎಂದು ಕೆಲವರು ವಾದಿಸುತ್ತಾರೆ. ತರ್ಕ ಸರಿ ಇದೆ. ಆದರೆ ಮಕ್ಕಳಿಲ್ಲದ ಆರೋಗ್ಯವಂತರು ತಿಂಗಳಿಗೆ 80 ಗಂಟೆ ಕೆಲಸ ತೋರಿಸದಿದ್ದರೆ ಮೂರು ವರ್ಷಕ್ಕೆ ಮೂರೇ ತಿಂಗಳು ಕಾರ್ಡ್ ಎಂಬ ನಿಯಮ 1996ರಿಂದ ಇದೆ. ಇನ್ನು ಬೇಡ ಅನ್ನುವುದು ಹೇಗೆ? ಅಂಗಡಿಯವನು ಅಂಥವರನ್ನು ವಾರಕ್ಕೆ 16 ಗಂಟೆಗೆ ಇಳಿಸಿದರೆ ಸಂಬಳವೂ ಹೋಯಿತು, ಕಾರ್ಡಿಗೂ ಕುತ್ತು. ಇದ್ದಾಗಲೂ ಆ ಕಾರ್ಡಿನ ದುಡ್ಡು ಬಂದು ಬೀಳುವುದು ಹೆಚ್ಚಾಗಿ ಇಂಥ ದೊಡ್ಡ ಅಂಗಡಿಗಳ ಗಲ್ಲಾಪೆಟ್ಟಿಗೆಗೇ. ನನ್ನನ್ನು ಕೇಳಿದರೆ ಅಂಗಡಿಯವನಿಗೆ ಎರಡು ಕಡೆಯಿಂದ ಲಾಭ. ಹಾಗಂತ ಕಾರ್ಡ್ ನಿಲ್ಲಿಸಿ ಅನ್ನಲಾರೆ. ನಾಳೆ ನಿಲ್ಲಿಸಿದರೆ ಹಸಿಯುವುದು ಅವನ ಹೊಟ್ಟೆಯಲ್ಲ.

ಪ್ರಶ್ನೆ: ನೆರವು ಕೊಟ್ಟರೆ ಜನ ಸೋಮಾರಿಗಳಾಗುವುದಿಲ್ಲವೇ?
– ನಿವೃತ್ತ ಮೇಷ್ಟ್ರು

ಉತ್ತರ: ಮೇಷ್ಟ್ರೇ, ಅಮೆರಿಕದ ಸಂಸತ್ತಿಗಾಗಿ ಲೆಕ್ಕ ತಪಾಸಣೆ ಮಾಡುವ ಜಿಎಒ ಎಂಬ ಕಚೇರಿ 2020ರಲ್ಲಿ ಇದನ್ನು ನೋಡಿತ್ತು. ಸ್ನ್ಯಾಪ್, ಮೆಡಿಕೇಡ್ ಪಡೆಯುತ್ತಿದ್ದ ವಯಸ್ಕರಲ್ಲಿ ಸಂಬಳದ ಕೆಲಸ ಇದ್ದವರನ್ನು ತೆಗೆದುಕೊಂಡರೆ, ಸುಮಾರು ನೂರಕ್ಕೆ 70 ಮಂದಿ ವಾರಕ್ಕೆ 35 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುತ್ತಿದ್ದರು. ಅಂದರೆ ನನ್ನ 28 ಗಂಟೆಯ ಕಥೆ ಎಲ್ಲರದ್ದೂ ಅಲ್ಲ, ವಾರವೆಲ್ಲ ದುಡಿದರೂ ಸಂಬಳ ಸಾಕಾಗದವರೇ ಜಾಸ್ತಿ. ಅಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 2009ರ ಜುಲೈನಲ್ಲಿ ಅಷ್ಟಾದದ್ದು ಆಮೇಲೆ ಏರಿಲ್ಲ. ಟೆಕ್ಸಾಸ್‌ನಲ್ಲಿ ಇಂದಿಗೂ ಅದೇ. ಎಷ್ಟೋ ಅಂಗಡಿಗಳು ಅದಕ್ಕಿಂತ ಜಾಸ್ತಿ ಕೊಡುತ್ತವೆ, ನಿಜ. ಆದರೆ ವಾರಕ್ಕೆ 40 ಗಂಟೆಯಂತೆ ಆ ಕನಿಷ್ಠ ಕೂಲಿಯಲ್ಲೇ ವರ್ಷವಿಡೀ ದುಡಿದರೆ ಸಿಗುವುದು 15,080 ಡಾಲರ್. ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು ನೀವು. ಬಾಡಿಗೆ ಕಳೆದು ನೋಡಿ.

ಸೋಮಾರಿಗಳನ್ನು ನಾನು ಕಂಡಿಲ್ಲ ಅಂತಲ್ಲ. ಆದರೆ ಲವಂಗ ಕಚ್ಚುತ್ತಿದ್ದ ನನ್ನ ಜೊತೆಗಾತಿ ಒಂಬತ್ತಕ್ಕೆ ಡ್ಯೂಟಿ ಮುಗಿದ ಮೇಲೂ ಮನೆಗೆ ಹೋಗದೆ ಫ್ರಿಜ್ಜಿನ ಹತ್ತಿರ ನಿಂತಿರುತ್ತಿದ್ದಳು. ಅವತ್ತು ಮಾರಾಟವಾಗದ ಸುಟ್ಟ ಕೋಳಿ ತಣಿದು, ಬೇರೆ ಚೀಟಿ ಅಂಟಿಸಿಕೊಂಡು ಅಲ್ಲಿಗೆ ಬರುವುದು ಒಂಬತ್ತೂವರೆಗೆ.