ಗುತ್ತಿಗೆ ಕೊಟ್ಟ ಜಮೀನಿನಲ್ಲಿ ಗಾಂಜಾ ಗಿಡ: ಕೇಸು ಯಾರ ಮೇಲೆ?

ಪ್ರಶ್ನೆ: ಸೊರಬ ತಾಲ್ಲೂಕಿನ ನಮ್ಮ ಎರಡು ಎಕರೆಯನ್ನು ಶುಂಠಿಗೆ ಗುತ್ತಿಗೆ ಕೊಟ್ಟಿದ್ದೇವೆ. ಮೊನ್ನೆ ಹೋದಾಗ ಪಟ್ಟೆಗಳ ನಡುವೆ ಏಳೆಂಟು ಗಾಂಜಾ ಗಿಡ ಕಂಡವು, ಇನ್ನೂ ಹೂ ಬಿಟ್ಟಿಲ್ಲ. ಒಂದು ಕೆ.ಜಿ. ಒಳಗಿದ್ದರೆ ಕೇಸಿಲ್ಲ, ಕಿತ್ತು ಸುಟ್ಟುಬಿಡಿ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಕೀಳಬೇಡಿ. ಕಿತ್ತ ಗಿಡ ನಿಮ್ಮ ಕೈಯಲ್ಲಿದ್ದಾಗ ಯಾರಾದರೂ ಹಿಡಿದರೆ ಅದು ನಿಮ್ಮ ವಶದಲ್ಲಿದ್ದ ಮಾಲು. ಸುಟ್ಟರೆ ಸಾಕ್ಷ್ಯ ನಾಶ ಮಾಡಿದಿರಿ ಎಂಬ ಆರೋಪ ಬರಬಹುದು.

ಒಂದು ಕೆ.ಜಿ.ಯ ಮಾತು ಅರ್ಧ ಸತ್ಯ. 1985ರ ಮಾದಕ ವಸ್ತು ಕಾಯ್ದೆಯಲ್ಲಿ (ಎನ್‌ಡಿಪಿಎಸ್) ಗಾಂಜಾ ಇಟ್ಟುಕೊಂಡವರಿಗೆ ತೂಕದ ಮೇಲೆ ಶಿಕ್ಷೆ. 1 ಕೆ.ಜಿ.ವರೆಗೆ ಒಂದು ವರ್ಷದ ತನಕ ಜೈಲು, ಇಲ್ಲವೇ 10,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಅಂದರೆ ಆಗಲೂ ಕೇಸು ಇದ್ದೇ ಇದೆ. ಅದಕ್ಕಿಂತ ಹೆಚ್ಚಾದರೆ ಹತ್ತು ವರ್ಷದ ತನಕ, 20 ಕೆ.ಜಿ. ದಾಟಿದರೆ ಕನಿಷ್ಠವೇ ಹತ್ತು ವರ್ಷ, ಜಾಮೀನೂ ಕಷ್ಟ.

ಬೆಳೆದವರಿಗೆ ಈ ತೂಕದ ಲೆಕ್ಕವೇ ಇಲ್ಲ. 20ನೇ ಕಲಂ ಪ್ರಕಾರ ಒಂದೇ ಗಿಡವಿದ್ದರೂ ಹತ್ತು ವರ್ಷದ ತನಕ ಕಠಿಣ ಶಿಕ್ಷೆ, ಒಂದು ಲಕ್ಷದ ತನಕ ದಂಡ. ಹೂ ಬಿಡದಿರುವುದೂ ರಕ್ಷಣೆಯಲ್ಲ. ಹೂ-ಕಾಯಿಯ ತುದಿಯನ್ನಷ್ಟೇ ಕಾಯ್ದೆ ಗಾಂಜಾ ಎನ್ನುತ್ತದೆ, ಬರೀ ಎಲೆ, ಬೀಜ ಅದರಲ್ಲಿ ಬರುವುದಿಲ್ಲ, ನಿಜ. ಆದರೆ ಬೆಳೆಯುವ ಅಪರಾಧಕ್ಕೆ ಗಿಡವಿದ್ದರೆ ಸಾಕು.

ಇನ್ನು ನಿಮ್ಮ ಪಾಲು. ವಶ ಎನ್ನಲು ವಸ್ತು ಇದೆಯೆಂಬ ಅರಿವೂ ಅದರ ಮೇಲೆ ಹಿಡಿತವೂ ಬೇಕು. ಮೊನ್ನೆಯವರೆಗೆ ನಿಮಗೆ ಗೊತ್ತಿರಲಿಲ್ಲ, ಈಗ ಗೊತ್ತು. 46ನೇ ಕಲಂ ಪ್ರಕಾರ ಜಮೀನುದಾರರು ಕೂಡಲೇ ತಿಳಿಸಬೇಕು. ಗೊತ್ತಿದ್ದೂ ಸುಮ್ಮನಿದ್ದರೆ ಅದೇ ಅಪರಾಧ. ಕಾಯ್ದೆಯ 35ನೇ ಕಲಂ ಆರೋಪಿಗೆ ಗೊತ್ತಿತ್ತೆಂದೇ ಊಹಿಸುವುದರಿಂದ, ಗೊತ್ತಿರಲಿಲ್ಲ ಎಂದು ಸಾಬೀತು ಮಾಡುವ ಹೊರೆ ಆರೋಪಿಯ ಮೇಲೆ. ಪಹಣಿಯಲ್ಲಿ ಹೆಸರು ನಿಮ್ಮದಾದ್ದರಿಂದ ಮೊದಲ ಪ್ರಶ್ನೆಯೂ ನಿಮಗೇ ಬರುತ್ತದೆ.

ಹಾಗಾಗಿ ಇವತ್ತೇ ಠಾಣೆಗೆ ಹೋಗಿ ದೂರು ಬರೆದುಕೊಡಿ. ಸರ್ವೆ ನಂಬರ್, ಗುತ್ತಿಗೆ ಕೊಟ್ಟ ದಿನ, ಗುತ್ತಿಗೆದಾರರ ಹೆಸರು, ಗಿಡ ಕಂಡ ದಿನ, ಹೊತ್ತು ಬರೆಯಿರಿ. ನೆಟ್ಟವರು ಗುತ್ತಿಗೆದಾರರೋ ಕೂಲಿಯವರೋ ಎಂದು ಊಹಿಸಬೇಡಿ. ಪಹಣಿ, ಕರಾರುಪತ್ರದ ನಕಲು ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಠಾಣೆಯ ಮೊಹರು, ಸಹಿ, ತಾರೀಖು ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ಗುತ್ತಿಗೆದಾರರಿಗೆ ಮೊದಲೇ ಸುಳಿವು ಕೊಡಬೇಡಿ. ಮಹಜರಿಗೆ ಕರೆದರೆ ಗಿಡಗಳ ಎಣಿಕೆ, ಇದ್ದ ಜಾಗ, ಬೇರು-ಮಣ್ಣು ಸಮೇತ ತೂಗಿದರೇ ಎಂಬುದನ್ನು ಓದಿ ನೋಡಿದ ಮೇಲಷ್ಟೇ ಸಹಿ ಮಾಡಿ.